ಮೊದಲ ಹಾಫ್ ಮ್ಯಾರಥಾನ್: ಉಸಿರು ಮುಂದೆ, ಕಾಲು ಹಿಂದೆ

ಮೊದಲ ಸಲ 21 ಕಿಲೋಮೀಟರ್ ಓಟಕ್ಕೆ ತಯಾರಾಗುವವರ ತರಬೇತಿ ಹಳಿ ತಪ್ಪುವುದು ಹೆಚ್ಚಾಗಿ ಐದನೇ ಆರನೇ ವಾರದಲ್ಲಿ, ಅದೂ ಎಲ್ಲ ಸಲೀಸಾಗಿದೆ ಅನ್ನಿಸುವ ಹೊತ್ತಿಗೆ. ಮೊದಲ ವಾರ ಎರಡು ಕಿಲೋಮೀಟರ್‌ಗೇ ಏದುಸಿರು ಬರುತ್ತಿತ್ತು, ಈಗ ಎಂಟು ಓಡಿದರೂ ಉಸಿರು ಹಿಡಿತದಲ್ಲಿದೆ. ಇನ್ನೆರಡು ಕಿಲೋಮೀಟರ್ ಹೋಗೋಣ, ಸ್ವಲ್ಪ ಜೋರಾಗೇ ಹೋಗೋಣ ಅನ್ನಿಸುತ್ತದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಹಿಮ್ಮಡಿ ಊರಲಾಗುವುದಿಲ್ಲ.

ಉಸಿರು ಮತ್ತು ಕಾಲು ಒಂದೇ ವೇಗದಲ್ಲಿ ಪಳಗುವುದಿಲ್ಲ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಒಂದೆರಡು ವಾರದಲ್ಲೇ ಹೆಚ್ಚುತ್ತದೆ, ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ದೂಡತೊಡಗುತ್ತದೆ. ಸ್ನಾಯುಗಳೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚಲು ಕೆಲವು ವಾರ ಸಾಕು. ಸ್ನಾಯುವನ್ನು ಮೂಳೆಗೆ ಬಿಗಿಯುವ ಟೆಂಡನ್‌ಗೆ ಮಾತ್ರ ರಕ್ತದ ಪೂರೈಕೆ ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೂಳೆಯ ಕತೆ ಇನ್ನೂ ಬೇರೆ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕೆರೆಯುವ ಕೆಲಸ ಕೆಲವು ವಾರದ್ದು, ಕಟ್ಟುವುದು ಕೆಲವು ತಿಂಗಳಿನದು. ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಉತ್ಸಾಹ ಏರುವುದೂ ಸರಿಯಾಗಿ ಆಗಲೇ. ಇಲ್ಲಿ ಹೇಳುವ ಹದಿನಾರು ವಾರದ ಯೋಜನೆಯ ಉದ್ದೇಶ, ನನ್ನ ಪ್ರಕಾರ, ಕಾಲು ಬಂದು ಸೇರುವ ತನಕ ಉಸಿರನ್ನು ತಡೆದು ನಿಲ್ಲಿಸುವುದು. ಉಳಿದದ್ದೆಲ್ಲ ವಿವರ.

ಶುರು ಮಾಡುವ ಮುಂಚೆ ಅರ್ಧ ಗಂಟೆ ನಿಲ್ಲಿಸದೆ ನಿಧಾನವಾಗಿ ಓಡಲು ಬರಬೇಕು. ಬರದಿದ್ದರೆ ಹದಿನಾರಕ್ಕೆ ಇನ್ನೆಂಟು ವಾರ ಸೇರಿಸಿ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹತ್ತು ಸುತ್ತು, ವಾರ ಕಳೆದಂತೆ ಓಟ ಹಿಗ್ಗಿಸಿ ನಡಿಗೆ ಕುಗ್ಗಿಸುವುದು. ಎದೆನೋವು, ತಲೆಸುತ್ತು ಇದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದವರಿದ್ದರೆ ಅಂಥವರು ವೈದ್ಯರನ್ನು ನೋಡಿಯೇ ಶೂ ಕಟ್ಟಬೇಕು.

ವಾರಕ್ಕೆ ನಾಲ್ಕು ದಿನ ಓಡಿದರೆ ಸಾಕು. ಮೊದಲ ವಾರ 4, 4, 4 ಮತ್ತು ವಾರಾಂತ್ಯಕ್ಕೆ 6, ಒಟ್ಟು 18 ಕಿ.ಮೀ. ವಾರಾಂತ್ಯದ ಲಾಂಗ್ ರನ್ ಬೆಳೆಯುವ ಬಗೆ ಹೀಗೆ: 6, 7, 8, ಮತ್ತೆ 6, ಆಮೇಲೆ 9, 10, 12, ಮತ್ತೆ 9, ಆಮೇಲೆ 13, 14, 16, ಮತ್ತೆ 11, ಕೊನೆಗೆ 17, 18, 12, ಹದಿನಾರನೇ ವಾರ ಸ್ಪರ್ಧೆ. ಪ್ರತಿ ನಾಲ್ಕನೇ ವಾರ ಇಳಿಸಿರುವುದನ್ನು ಬಹಳ ಜನ ಸಮಯ ವ್ಯರ್ಥ ಅಂದುಕೊಂಡು ಹಾರಿಸುತ್ತಾರೆ. ಕಾಲು ಬಲಿಯುವುದು ಆ ವಾರದಲ್ಲೇ. ಹದಿನಾಲ್ಕನೇ ವಾರಕ್ಕೆ 6, 8, 6, 18 ಸೇರಿ 38 ಕಿ.ಮೀ. ಆಗುತ್ತದೆ. ಅದಕ್ಕಿಂತ ಹೆಚ್ಚು ಮೊದಲ ಓಟಕ್ಕೆ ಬೇಡ. ಲಾಂಗ್ ರನ್ ವಾರದ ಒಟ್ಟು ದೂರದ ಮೂರನೇ ಒಂದು ಭಾಗ ಮೀರಬಾರದು ಎಂಬ ಮಾತಿದೆ. ನಾಲ್ಕೇ ದಿನ ಓಡುವವರಿಗೆ ಅದು ಆಗದ ಮಾತು. ಇಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಭಾರ ಒಂದೇ ದಿನ ಬೀಳುತ್ತದೆ, ಆದ್ದರಿಂದ ಅದರ ಹಿಂದಿನ ದಿನವೂ ಮರುದಿನವೂ ಓಟ ಇಟ್ಟುಕೊಳ್ಳಬಾರದು. ತಪ್ಪಿಹೋದ ಓಟವನ್ನು ಮುಂದಿನ ವಾರಕ್ಕೆ ತುರುಕುವುದೂ ಬೇಡ, ಹೋದದ್ದು ಹೋಯಿತು.

18 ಓಡಿದವರು 21 ಓಡಬಲ್ಲರೇ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಓಡಬಲ್ಲರು. ತರಬೇತಿಯಲ್ಲೇ 21 ಮುಗಿಸಿ ನೋಡುವ ಚಟದಿಂದ ಮೊದಲ ಸಲದವರಿಗೆ ಸಿಗುವುದು ಚೇತರಿಸಿಕೊಳ್ಳಲು ಇನ್ನೊಂದು ವಾರದ ಕೆಲಸ, ಅಷ್ಟೇ.

ಇನ್ನು ವೇಗ. ನಾಲ್ಕರಲ್ಲಿ ಮೂರು ಓಟ ಮಾತಾಡುತ್ತಾ ಓಡುವ ವೇಗದಲ್ಲಿರಬೇಕು. ಇದು ಅಲಂಕಾರದ ಮಾತಲ್ಲ, ಅಳತೆ: ಹತ್ತು ಹನ್ನೆರಡು ಪದದ ಒಂದು ವಾಕ್ಯವನ್ನು ನಡುವೆ ಉಸಿರೆಳೆಯದೆ ಹೇಳಿ ಮುಗಿಸಲು ಬರಬೇಕು. ಮೂರು ಪದಕ್ಕೊಮ್ಮೆ ಉಸಿರೆಳೆದರೆ ವೇಗ ಜಾಸ್ತಿಯಾಯಿತು. ಎರಡೂವರೆ ಗಂಟೆಯಲ್ಲಿ ಮುಗಿಸುವ ಗುರಿ ಇದ್ದರೆ ಸ್ಪರ್ಧೆಯ ಪೇಸ್ ಕಿಲೋಮೀಟರ್‌ಗೆ 7 ನಿಮಿಷ 6 ಸೆಕೆಂಡ್. ದಿನದ ಓಟ 7:45ರಿಂದ 8:15ರ ನಡುವೆ ಇರಬೇಕು. ಇಷ್ಟು ನಿಧಾನ ಓಡಲು ನಾಚಿಕೆಯಾಗುತ್ತದೆ, ವೇಗವಾಗಿ ನಡೆಯುವವರು ಪಕ್ಕದಲ್ಲೇ ದಾಟಿ ಹೋಗುವುದೂ ಉಂಟು. ದಾಟಲಿ ಬಿಡಿ.

ಕೈಗಡಿಯಾರ ತೋರಿಸುವ ಹೃದಯ ಬಡಿತವನ್ನು ಮೊದಲ ತಿಂಗಳು ನಂಬಬೇಡಿ. 220ರಿಂದ ವಯಸ್ಸು ಕಳೆಯುವ ಲೆಕ್ಕದಲ್ಲಿ ಹತ್ತು ಹನ್ನೆರಡು ಬಡಿತದ ಹೆಚ್ಚುಕಡಿಮೆ ಮಾಮೂಲು. ಸಾಲದ್ದಕ್ಕೆ ಮಣಿಕಟ್ಟಿನ ಬೆಳಕಿನ ಸೆನ್ಸರ್ ಕೆಲವೊಮ್ಮೆ ನಾಡಿ ಬಿಟ್ಟು ಹೆಜ್ಜೆಯ ಲಯವನ್ನೇ ಎಣಿಸುತ್ತದೆ. ಆರಾಮಾಗಿ ಓಡುತ್ತಿದ್ದರೂ ಪರದೆಯ ಮೇಲೆ 165 ಬಂದು ಅಲ್ಲಾಡದೆ ನಿಂತಿದೆ ಅಂದರೆ ಅದು ನಿಮ್ಮ ಹೆಜ್ಜೆಗಳ ಲೆಕ್ಕವಾಗಿರುವ ಸಾಧ್ಯತೆ ಹೆಚ್ಚು. ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ ಸರಿಸಿ ಬಿಗಿ ಮಾಡಿದರೆ ಸುಮಾರಾಗಿ ಸರಿಹೋಗುತ್ತದೆ.

ನಡುನಡುವೆ ನಡೆಯುವುದು ಸೋಲಲ್ಲ. 1972ರ ಒಲಿಂಪಿಕ್ಸ್‌ಗೆ ಅಮೆರಿಕ ತಂಡದಲ್ಲಿ 10,000 ಮೀಟರ್ ಓಟಗಾರರಾಗಿದ್ದ ಜೆಫ್ ಗ್ಯಾಲೋವೇ ಓಟ-ನಡಿಗೆಯನ್ನೇ ಒಂದು ಪದ್ಧತಿಯಾಗಿ ಕಲಿಸಿದವರು. ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯಬಹುದು. ಆದರೆ ಈ ನಡಿಗೆ ಮೊದಲ ನಾಲ್ಕು ನಿಮಿಷಕ್ಕೇ ಶುರುವಾಗಬೇಕು. ಸುಸ್ತಾದ ಮೇಲೆ ನಡೆದರೆ ಕಾಲು ಮತ್ತೆ ಓಟಕ್ಕೆ ಹೊರಳುವುದಿಲ್ಲ.

ಉಳಿದ ನಾಲ್ಕನೇ ಓಟ, ವಾರದ ನಡುವಿನದು, ಮಾತ್ರ ಆರನೇ ವಾರದಿಂದ ಸ್ವಲ್ಪ ಬಿಸಿ. ಹದಿನೈದು ನಿಮಿಷ ನಿಧಾನ, ಆಮೇಲೆ ತುಂಡು ತುಂಡು ಮಾತಷ್ಟೇ ಆಡಲಾಗುವ ವೇಗದಲ್ಲಿ ಹತ್ತು ನಿಮಿಷದ ಎರಡು ಸುತ್ತು, ನಡುವೆ ಮೂರು ನಿಮಿಷ ಜಾಗಿಂಗ್, ಕೊನೆಗೆ ಹತ್ತು ನಿಮಿಷ ನಿಧಾನ. ಹತ್ತನೇ ವಾರದಿಂದ ಮೂರು ಸುತ್ತು. ಕಾಲು ಎಲ್ಲಾದರೂ ಕೊಂಕು ತೆಗೆಯುತ್ತಿದ್ದರೆ ಮೊದಲು ಕೈಬಿಡಬೇಕಾದದ್ದು ಇದನ್ನೇ, ಲಾಂಗ್ ರನ್ನನ್ನಲ್ಲ.

ಶೂ ವಿಷಯಕ್ಕೆ ಬಂದರೆ, ಬೆಲೆಗಿಂತ ಅಳತೆ ಮುಖ್ಯ. ಪಾದ ಸಂಜೆಗೆ ಊದಿಕೊಂಡಿರುತ್ತದೆ, ಓಡುವಾಗ ಇನ್ನಷ್ಟು ಊದುತ್ತದೆ, ಹಾಗಾಗಿ ಸಂಜೆಯೇ ಹಾಕಿ ನೋಡಬೇಕು. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಉಳಿಯಬೇಕು. ಉಗುರು ಕಪ್ಪಾಗುವುದು ಹೆಚ್ಚಾಗಿ ಈ ಜಾಗ ಇಲ್ಲದ್ದಕ್ಕೆ, ಇಲ್ಲವೇ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರುವುದಕ್ಕೆ. ಎರಡನೆಯದಕ್ಕೆ ಮದ್ದು ಶೂನಲ್ಲೇ ಇದೆ. ಲೇಸ್ ತೂತುಗಳ ಸಾಲಿನ ಕೊನೆಯಲ್ಲಿ, ಹಿಮ್ಮಡಿಯ ಕಡೆಗೆ ತುಸು ಹಿಂದೆ ಸರಿದು, ಒಂದು ಹೆಚ್ಚುವರಿ ತೂತು ಇರುತ್ತದೆ. ಮುಕ್ಕಾಲು ಪಾಲು ಜನ ಅದನ್ನು ಮುಟ್ಟುವುದೇ ಇಲ್ಲ. ಲೇಸಿನ ತುದಿಯನ್ನು ಹೊರಗಿನಿಂದ ಆ ತೂತಿನೊಳಕ್ಕೆ, ಅದೇ ಬದಿಯಲ್ಲೇ, ತೂರಿಸಿ. ಎರಡು ತೂತುಗಳ ನಡುವೆ ಪುಟ್ಟ ಕುಣಿಕೆ ಉಳಿಯುತ್ತದೆ. ಇನ್ನೊಂದು ಬದಿಗೂ ಹಾಗೆಯೇ. ಈಗ ಎಡದ ತುದಿಯನ್ನು ಬಲದ ಕುಣಿಕೆಯೊಳಗಿಂದ, ಬಲದ್ದನ್ನು ಎಡದ ಕುಣಿಕೆಯೊಳಗಿಂದ ದಾಟಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿಕೊಂಡು, ತುದಿಗಳನ್ನು ಮೇಲಕ್ಕಲ್ಲ, ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಜಾಗ ಬಿಟ್ಟು ಕದಲುವುದಿಲ್ಲ, ಪಾದದ ಮೇಲ್ಭಾಗವೂ ಹಿಸುಕಿದಂತಾಗುವುದಿಲ್ಲ. ಒಂದು ಜೋಡಿ ಸುಮಾರು 500ರಿಂದ 800 ಕಿ.ಮೀ. ಬಾಳಿಕೆ ಬರುತ್ತದೆ. ಈ ಯೋಜನೆಯಲ್ಲಿ ಒಟ್ಟು 450ರ ಆಸುಪಾಸು ಆಗುವುದರಿಂದ ಹೊಸದಾಗಿ ಕೊಂಡ ಒಂದೇ ಜೋಡಿ ಸಾಕು. ಸ್ಪರ್ಧೆಗೆಂದು ಹಿಂದಿನ ದಿನ ಹೊಸ ಶೂ ಕೊಂಡು ಹಾಕುವ ಕೆಲಸ ಮಾತ್ರ ಮಾಡಬೇಡಿ.

ಹತ್ತಿಯ ಕಾಲುಚೀಲ, ಹತ್ತಿಯ ಟೀ ಶರ್ಟ್ ಎರಡೂ ಬೇಡ. ಬೆವರು ಹೀರಿ ತೋಯ್ದು ಭಾರವಾಗುತ್ತವೆ, ಒದ್ದೆ ಚರ್ಮ ಬೇಗ ಬೊಬ್ಬೆ ಏಳುತ್ತದೆ. ತೊಡೆಸಂದು, ಕಂಕುಳು, ಹೆಂಗಸರಿಗೆ ಒಳಉಡುಪಿನ ಅಂಚು, ಗಂಡಸರಿಗೆ ಮೊಲೆತೊಟ್ಟು: 12 ಕಿ.ಮೀ. ದಾಟಿದ ಮೇಲೆ ಉಜ್ಜಿ ಕೀಳುವ ಜಾಗಗಳಿವು. ಓಡುವ ಮುನ್ನ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಸವರಬೇಕು. ಮರೆತದ್ದು ಗೊತ್ತಾಗುವುದು ಸ್ನಾನದ ನೀರು ಬಿದ್ದಾಗ.

ನೋವುಗಳ ಭಾಷೆ ಕಲಿಯುವುದು ತರಬೇತಿಯ ಒಂದು ಭಾಗವೇ. ಎರಡು ತೊಡೆಯಲ್ಲೂ ಒಂದೇ ಥರ ಹಬ್ಬಿರುವ, ಎರಡು ದಿನಕ್ಕೆ ಇಳಿಯುವ ನೋವಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚುವ ನೋವು ಬೇರೆ ಜಾತಿ. ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿ ಚುಚ್ಚಿ, ನಡೆದಂತೆ ಕಡಿಮೆಯಾದರೆ ಅದು ಅಂಗಾಲಿನ ಗಟ್ಟಿ ಪಟ್ಟಿಯಾದ ಪ್ಲಾಂಟರ್ ಫ್ಯಾಶಿಯದ್ದು. ಹಿಮ್ಮಡಿಯ ಹಿಂದೆ, ಎರಡು ಮೂರು ಬೆರಳು ಮೇಲೆ, ಬೆಳಿಗ್ಗೆ ಬಿಗಿದುಕೊಂಡಿದ್ದರೆ ಅಕಿಲಿಸ್ ಟೆಂಡನ್. ಮಂಡಿಯ ಹೊರಬದಿಗೆ, ಇಳಿಜಾರಿನಲ್ಲಿ ಜಾಸ್ತಿಯಾದರೆ ಐಟಿ ಬ್ಯಾಂಡ್, ಅಂದರೆ ತೊಡೆಯ ಹೊರಬದಿಯುದ್ದಕ್ಕೂ ಇಳಿಯುವ ಪಟ್ಟಿ. ಮಂಡಿಚಿಪ್ಪಿನ ಸುತ್ತ, ಮೆಟ್ಟಿಲಿಳಿಯುವಾಗ ಕಾಡಿದರೆ ಓಟಗಾರರ ಮಂಡಿ ಅನ್ನುವುದು ಅದನ್ನೇ. ಹೆಜ್ಜೆಯನ್ನು ಚಿಕ್ಕದು ಮಾಡಿ ನಿಮಿಷಕ್ಕೆ ಬೀಳುವ ಹೆಜ್ಜೆಗಳನ್ನು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚಿಸಿದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ.

ಎಚ್ಚರ ಇರಬೇಕಾದದ್ದು ಮುಂಗಾಲಿನ, ಅಂದರೆ ಮಂಡಿಯ ಕೆಳಗಿನ, ಮೂಳೆಯ ಬಗ್ಗೆ. ಒಳ ಅಂಚಿನುದ್ದಕ್ಕೂ ಗೇಣಗಲ ಹರಡಿದ ನೋವಿದ್ದರೆ ದೂರ ಇಳಿಸಿ ನೋಡಬಹುದು. ಒಂದು ಬೆರಳಿನಿಂದ ಒತ್ತಿದರೆ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಪ್ರಾಣ ಹೋಗುವಂತಿದ್ದರೆ, ಆ ಕಾಲಿನ ಮೇಲೆ ಕುಪ್ಪಳಿಸಿದಾಗ ಅಲ್ಲೇ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ಇದ್ದರೆ ಮೂಳೆಯ ಸೂಕ್ಷ್ಮ ಬಿರುಕಿನ ಅನುಮಾನ ಪಡಬೇಕು. ಓಟ ಅಂದೇ ನಿಲ್ಲಬೇಕು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಹಾಗಂತ ಏನೂ ಆಗಿಲ್ಲ ಎಂದುಕೊಂಡು ಮತ್ತೆ ಓಡಿದವರದ್ದೇ ದೊಡ್ಡ ಬಿರುಕು.

ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ಬಲದ ವ್ಯಾಯಾಮ ಇರಲಿ. ಎಲ್ಲ ಮಾಡಲು ಪುರುಸೊತ್ತಿಲ್ಲದಿದ್ದರೆ ಮೀನಖಂಡದ್ದೊಂದನ್ನು ಬಿಡಬೇಡಿ: ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಏರಿಸಿ, ಮೂರು ಎಣಿಸುತ್ತಾ ಇಳಿಸುವುದು, ಹದಿನೈದರಂತೆ ಮೂರು ಸಲ, ಮಂಡಿ ನೆಟ್ಟಗಿಟ್ಟು ಒಮ್ಮೆ, ತುಸು ಮಡಚಿ ಒಮ್ಮೆ. ಮಡಚಿದಾಗ ಭಾರ ಒಳಗಿನ ಸೋಲಿಯಸ್ ಸ್ನಾಯುವಿಗೆ ಬೀಳುತ್ತದೆ, ದೂರದ ಓಟದಲ್ಲಿ ದುಡಿಯುವುದು ಅದೇ.

ನೀರು ಎಷ್ಟು ಕುಡಿಯಬೇಕು ಎಂಬುದಕ್ಕೆ ಪರರ ಲೆಕ್ಕ ನಡೆಯುವುದಿಲ್ಲ. ಒಂದು ಗಂಟೆ ಓಟದ ಮೊದಲು ಬಟ್ಟೆಯಿಲ್ಲದೆ ತೂಗಿ, ಬಂದ ಮೇಲೆ ಬೆವರು ಒರೆಸಿ ಮತ್ತೆ ತೂಗಿ. 62 ಕೆ.ಜಿ. ಇದ್ದದ್ದು 61.2 ಆಗಿ, ನಡುವೆ 300 ಮಿ.ಲೀ. ಕುಡಿದಿದ್ದರೆ ಗಂಟೆಗೆ 1.1 ಲೀಟರ್ ಬೆವರು ಹೋಗಿದೆ. ಅಷ್ಟನ್ನೂ ತುಂಬಿಸಬೇಕಿಲ್ಲ, ಬಾಯಾರಿದಾಗ ಕುಡಿದು ತೂಕ ಸ್ವಲ್ಪ ಇಳಿದರೆ ತೊಂದರೆಯಿಲ್ಲ. ಓಡಿ ಬಂದ ಮೇಲೆ ತೂಕ ಏರಿದ್ದರೆ ಗಾಬರಿಪಡಬೇಕು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಮಟ್ಟ ಇರಬೇಕಾದ್ದಕ್ಕಿಂತ ಕೆಳಗಿತ್ತು. ಅತಿಯಾಗಿ ಕುಡಿದು ತೂಕ ಏರಿಸಿಕೊಂಡವರಲ್ಲೇ ಅದು ಹೆಚ್ಚು. ನಿಧಾನವಾಗಿ ಓಡಿ, ಹಾದಿಯ ಪ್ರತಿ ನೀರಿನ ಮೇಜಿನಲ್ಲೂ ಎರಡೆರಡು ಲೋಟ ಏರಿಸುವ ಹೊಸಬರೇ ಇದಕ್ಕೆ ಸುಲಭದ ತುತ್ತು. ಓಟದ ದಿನ ನೋವಿನ ಮಾತ್ರೆ ನುಂಗಿ ಹೊರಡುವುದೂ ಅಪಾಯವೇ, ಐಬುಪ್ರೊಫೆನ್ ಥರದವು ಬೆವರಿ ಒಣಗಿದ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಒಂದೂವರೆ ಗಂಟೆ ಮೀರುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಓಡುತ್ತಾ ನುಂಗುವ ಸಕ್ಕರೆ ಲೇಹದ ಪೊಟ್ಟಣ, ಅಂದರೆ ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. ಮೊದಲನೆಯದು 40ನೇ ನಿಮಿಷಕ್ಕೆ, ಆಮೇಲೆ ಅರ್ಧ ಗಂಟೆಗೊಂದು, ಪ್ರತಿಯೊಂದಕ್ಕೂ ನಾಲ್ಕು ಗುಟುಕು ಬರೀ ನೀರು. ಸಿಹಿ ಪಾನೀಯದ ಜೊತೆ ನುಂಗಿದರೆ ಹೊಟ್ಟೆಯಲ್ಲಿ ಸಕ್ಕರೆ ಗಟ್ಟಿಯಾಗಿ ನಿಂತು ತೊಳಸಿಬರುತ್ತದೆ. 13 ಕಿ.ಮೀ. ಲಾಂಗ್ ರನ್‌ನಿಂದಲೇ ಅಭ್ಯಾಸ ಶುರುವಾಗಲಿ, ಹೊಟ್ಟೆಗೂ ತರಬೇತಿ ಬೇಕು.

ಕೊನೆಯ ಎರಡು ವಾರ ಟೇಪರ್, ಅಂದರೆ ಸ್ಪರ್ಧೆಗೆ ಮುಂಚಿನ ಇಳಿಕೆ. ದೂರ ಅರ್ಧದಷ್ಟು ಇಳಿಯುತ್ತದೆ, ವೇಗ ಇಳಿಯುವುದಿಲ್ಲ. ವಾರದಲ್ಲಿ ಒಮ್ಮೆ ಸ್ಪರ್ಧೆಯ ಪೇಸ್‌ನಲ್ಲಿ ಮೂರು ಕಿಲೋಮೀಟರ್ ಓಡಬೇಕು. ಈ ಹೊತ್ತಿನಲ್ಲಿ ಇಲ್ಲದ ನೋವೆಲ್ಲ ಹುಟ್ಟುತ್ತವೆ. ಇದ್ದಕ್ಕಿದ್ದಂತೆ ಮಂಡಿ ಕಟಕಟ ಅನ್ನುತ್ತದೆ, ಗಂಟಲು ಕೆರೆಯುತ್ತದೆ. ಕಡೆಯ ಎರಡು ದಿನ ಕಾರ್ಬೊಹೈಡ್ರೇಟ್ ಹೆಚ್ಚು ತಿಂದಾಗ ಒಂದು ಕೆ.ಜಿ. ತೂಕ ಏರಿದರೆ ಅದು ಕೊಬ್ಬಲ್ಲ. ದೇಹ ಕೂಡಿಡುವ ಸಕ್ಕರೆಯಾದ ಗ್ಲೈಕೋಜನ್‌ನ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಸ್ನಾಯುವಿನಲ್ಲಿ ಕೂರುತ್ತದೆ. ಹಿಂದಿನ ರಾತ್ರಿ ನಿದ್ದೆ ಬರದಿದ್ದರೂ ಪರವಾಗಿಲ್ಲ, ಅದರ ಹಿಂದಿನ ರಾತ್ರಿ ಚೆನ್ನಾಗಿ ಮಲಗಿರಬೇಕು.

ಗುರಿಯ ಸಮಯ ನಿರ್ಧರಿಸಲು ಪೀಟ್ ರೀಗೆಲ್ ಸೂತ್ರ ಬಳಕೆಯಲ್ಲಿದೆ. ಅದರ ಪ್ರಕಾರ 10 ಕಿ.ಮೀ. ಸಮಯವನ್ನು ಸುಮಾರು 2.2ರಿಂದ ಗುಣಿಸಿದರೆ ಹಾಫ್ ಮ್ಯಾರಥಾನ್ ಸಮಯ ಸಿಗುತ್ತದೆ: 68 ನಿಮಿಷದವರಿಗೆ ಎರಡೂವರೆ ಗಂಟೆ. ಮೊದಲ ಸಲದವರು ಇದಕ್ಕೆ ಐದು ನಿಮಿಷ ಸೇರಿಸಿಕೊಳ್ಳುವುದು ಕ್ಷೇಮ. ಆಯೋಜಕರು ಮೂರು ಗಂಟೆಯ ಗಡುವು ಇಟ್ಟಿದ್ದರೆ ಅದಕ್ಕೆ ಬೇಕಾದ ಪೇಸ್ 8:31, ಶೌಚಾಲಯದ ಸಾಲಿನಲ್ಲಿ ಕಳೆಯುವ ನಿಮಿಷಗಳೂ ಅದರಲ್ಲೇ ಸೇರಬೇಕು.

ಓಟದ ದಿನ ಮೂರು ಗಂಟೆ ಮೊದಲು, ಲಾಂಗ್ ರನ್‌ಗಳಲ್ಲಿ ತಿಂದು ಒಗ್ಗಿದ್ದನ್ನೇ ತಿನ್ನಿ. ಬಿಬ್, ಅಂದರೆ ನಿಮ್ಮ ಸಂಖ್ಯೆಯ ಹಾಳೆ, ಎದೆಯ ಮೇಲೆ, ನಾಲ್ಕೂ ಮೂಲೆಗೆ ಪಿನ್. ಹಿಂಬದಿಯ ಚಿಪ್ ಪಟ್ಟಿಯನ್ನು ಮಡಚಿದರೆ ಓದುವ ಯಂತ್ರಕ್ಕೆ ನೀವು ಬಂದದ್ದೇ ಗೊತ್ತಾಗುವುದಿಲ್ಲ. ಸಾಲಿನಲ್ಲಿ ಹಿಂದೆ ನಿಲ್ಲಿ, ನಿಮ್ಮ ಸಮಯ ಶುರುವಾಗುವುದು ಚಿಪ್ ಗೆರೆ ದಾಟಿದಾಗ, ಪಿಸ್ತೂಲು ಹಾರಿದಾಗಲ್ಲ. ಮೊದಲ ಎರಡು ಕಿಲೋಮೀಟರ್ ಸುತ್ತಲಿನವರೆಲ್ಲ ನುಗ್ಗುತ್ತಿರುತ್ತಾರೆ. 7:06ರ ಗುರಿಯವರು 7:20ರಲ್ಲಿ ಓಡಿದರೆ ಅದೇ ಸರಿ. ಅಲ್ಲಿ 6:30ರಲ್ಲಿ ಉಳಿಸಿದ ಒಂದು ನಿಮಿಷಕ್ಕೆ 17ನೇ ಕಿಲೋಮೀಟರ್‌ನಲ್ಲಿ ನಾಲ್ಕು ನಿಮಿಷ ತೆರಬೇಕಾಗುತ್ತದೆ.

ಜಿಪಿಎಸ್ ಇಲ್ಲಿ ಮೋಸ ಮಾಡುತ್ತದೆ. ಹಾದಿಯನ್ನು ಅಳೆಯುವುದು ಸೈಕಲ್ ಚಕ್ರಕ್ಕೆ ಎಣಿಕೆಯ ಉಪಕರಣ ಕಟ್ಟಿ, ತಿರುವುಗಳಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು, ಸಾಧ್ಯವಿರುವ ಅತಿ ಚಿಕ್ಕ ಗೆರೆಯ ಮೇಲೆ. ಕಡಿಮೆ ಬೀಳದಿರಲೆಂದು ಕಿಲೋಮೀಟರ್‌ಗೆ ಒಂದು ಮೀಟರ್ ಸೇರಿಸುತ್ತಾರೆ ಬೇರೆ. ಜನರನ್ನು ಸುತ್ತಿಕೊಂಡು, ತಿರುವಿನ ಹೊರಬದಿಯಲ್ಲಿ ಓಡುವವರ ಗಡಿಯಾರದಲ್ಲಿ ಹಾಫ್ ಮ್ಯಾರಥಾನ್‌ನ ನಿಖರ ದೂರವಾದ 21.0975 ಬದಲು 21.3, 21.4 ಆಗಿರುತ್ತದೆ. ಗಡಿಯಾರದಲ್ಲಿ 7:06 ನೋಡುತ್ತಾ ಓಡಿದರೆ 21.4 ಕಿ.ಮೀ.ಗೆ 2:31:56. ಎರಡೂವರೆ ಗಂಟೆಯೊಳಗೆ ಸೇರಬೇಕಾದರೆ ಗಡಿಯಾರ 7:00 ತೋರಿಸಬೇಕು. ಅದಕ್ಕಿಂತ ಸುಲಭದ ದಾರಿ, ರಸ್ತೆಬದಿಯ ಫಲಕಗಳನ್ನೇ ನಂಬುವುದು. 5ಕ್ಕೆ 35:30, 10ಕ್ಕೆ 1:11:00, 15ಕ್ಕೆ 1:46:30, 20ಕ್ಕೆ 2:22:00 ಎಂದು ಕೈಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ಹದಿನೈದರ ನಂತರ ತಲೆಯಲ್ಲಿ ಕೂಡುವುದು ಕಳೆಯುವುದು ಆಗುವುದಿಲ್ಲ.

ನೀರಿನ ಮೇಜುಗಳ ಸಾಲಿನಲ್ಲಿ ಮೊದಲನೆಯದರ ಮುಂದೆ ಎಲ್ಲರೂ ಗುಂಪು ಕಟ್ಟುತ್ತಾರೆ, ಕೊನೆಯದು ಖಾಲಿ ಇರುತ್ತದೆ. ಕೊಡುವವರ ಕಣ್ಣು ನೋಡಿ, ಇದೇ ಲೋಟ ಎಂದು ಕೈತೋರಿ, ತೆಗೆದುಕೊಳ್ಳುವಾಗ ಕೈಯನ್ನು ಓಟದ ದಿಕ್ಕಿಗೆ ಎದುರಾಗಿ ಹಿಂದಕ್ಕೆ ಸರಿಸಿದರೆ ಚೆಲ್ಲುವುದಿಲ್ಲ. ಕಾಗದದ ಲೋಟದ ಬಾಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಸುಕಿದರೆ ಕಿರಿದಾದ ಕೊಕ್ಕಿನಂತಾಗುತ್ತದೆ, ಬಾಯಿಯ ಮೂಲೆಯಿಂದ ಗುಟುಕು ಗುಟುಕಾಗಿ ಕುಡಿಯಬಹುದು. ಇಲ್ಲದಿದ್ದರೆ ಅರ್ಧ ಮೂಗಿಗೆ. ಅಷ್ಟೆಲ್ಲ ಬೇಡವೆಂದರೆ ಹತ್ತು ಹೆಜ್ಜೆ ನಡೆದು ಕುಡಿಯಿರಿ, ಹೋಗುವುದು ಏಳೆಂಟು ಸೆಕೆಂಡ್.

16ರಿಂದ 19ರ ನಡುವಿನ ಹಾದಿಯೇ ಕಠಿಣ. ಫಿನಿಶ್ ಲೈನ್ ಇನ್ನೂ ಕಾಣದು, ತೊಡೆಯ ಮುಂಭಾಗ ಪ್ರತಿ ಹೆಜ್ಜೆಗೂ ದೇಹವನ್ನು ತಡೆದು ತಡೆದು ಸೋತಿರುತ್ತದೆ. ಹೆಜ್ಜೆ ಉದ್ದ ಮಾಡಿ ವೇಗ ಹಿಡಿಯಲು ಹೋದರೆ ಅದೇ ಸ್ನಾಯುವಿಗೆ ಇನ್ನಷ್ಟು ಪೆಟ್ಟು, ಸೆಳೆತ ಬರುವುದೂ ಆಗಲೇ. ಹೆಜ್ಜೆ ಚಿಕ್ಕದಾಗಲಿ, ಕೈ ಬೀಸು ಬಿಗಿಯಾಗಲಿ. ಪಕ್ಕೆ ಹಿಡಿದುಕೊಂಡರೆ ನಿಧಾನಿಸಿ, ಆ ಜಾಗ ಒತ್ತಿಕೊಂಡು, ತುಟಿ ಮೊನಚು ಮಾಡಿ ಉಸಿರನ್ನು ಪೂರ್ತಿ ಹೊರಗೆ ಬಿಡಿ. ಬೆವರು ನಿಂತು ಚಳಿ ಹತ್ತಿದರೆ, ಮಾತು ತೊದಲಿದರೆ ಅದು ಸುಸ್ತಲ್ಲ, ಅಲ್ಲೇ ನಿಂತು ವೈದ್ಯಕೀಯ ಸಿಬ್ಬಂದಿಯನ್ನು ಕರೆಯಬೇಕು.

ಗೆರೆ ದಾಟಿದ ಕೂಡಲೇ ನಿಲ್ಲಬೇಡಿ. ಓಡುವಾಗ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತಿದ್ದುದು ಮೀನಖಂಡ. ಅದು ಥಟ್ಟನೆ ಸ್ತಬ್ಧವಾದರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ; ಗೆರೆಯ ಆಚೆ ಬೀಳುವವರಲ್ಲಿ ಬಹಳ ಜನ ಬೀಳುವುದು ಇದಕ್ಕೇ. ಹತ್ತು ನಿಮಿಷ ನಡೆದಾಡಿ, ಒದ್ದೆ ಬಟ್ಟೆ ಬದಲಿಸಿ, ಅರ್ಧ ಮುಕ್ಕಾಲು ಗಂಟೆಯೊಳಗೆ ಉಪ್ಪು, ಸಕ್ಕರೆ, ಪ್ರೋಟೀನ್ ಮೂರೂ ಇರುವ ಏನಾದರೂ ತಿನ್ನಿ.

ನೋವು ಜೋರಾಗುವುದು ಆ ದಿನವಲ್ಲ, ಒಂದೆರಡು ದಿನ ಕಳೆದ ಮೇಲೆ. ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುವುದೇ ಸುಖ. ಐದು ದಿನ ಬರೀ ನಡಿಗೆ. ಮಂಡಿಯಲ್ಲೋ ಮುಂಗಾಲಿನಲ್ಲೋ ಒಂದೇ ಬಿಂದುವಿನ ನೋವು ಉಳಿದಿಲ್ಲ ಎಂದು ಬೆರಳಿನಲ್ಲಿ ಒತ್ತಿ ನೋಡಿಕೊಂಡು, ಎರಡನೇ ವಾರ ಮತ್ತೆ ಶೂ ಕಟ್ಟಬಹುದು: 4 ಕಿಲೋಮೀಟರ್, 8:15ರ ಪೇಸ್, ಮಾತಾಡುತ್ತಾ.